ಭಾನುವಾರ ಬಂದು ನುಡಿಸಿದ ನಿಮಗೆಲ್ಲ

ಭಾನುವಾರ ಸಂಜೆ ಮೈಕ್ ಕೈಗೆ ಕೊಟ್ಟಾಗ ನನಗೆ ಮಾತೇ ಹೊರಡಲಿಲ್ಲ. ಆವತ್ತು ಹೇಳಬೇಕಿದ್ದದ್ದನ್ನು ಈಗ ಬರೆಯುತ್ತಿದ್ದೇನೆ.

31 ವರ್ಷ ಬ್ಯಾಂಡ್ ಕಲಿಸಿದ ಮೈದಾನದಲ್ಲಿ ನನ್ನ ಹಳೆಯ ಮಕ್ಕಳು 40ಕ್ಕೂ ಜಾಸ್ತಿ ಜನ ನಿಂತು, ನಾನೇ ಬರೆದ ಮಾರ್ಚ್ (ಹೆಜ್ಜೆ ಹಾಕುತ್ತಾ ನುಡಿಸುವ ಬ್ಯಾಂಡ್ ಸಂಗೀತ) ನುಡಿಸಿ ನನ್ನನ್ನು ಬೀಳ್ಕೊಟ್ಟರು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಫೌಂಡ್ರಿಯಲ್ಲಿ ಶಿಫ್ಟ್ ಮುಗಿಸಿ ಬಂದವನು ಬಾಸ್ ಡ್ರಮ್ ಹೊತ್ತಿದ್ದ. ಪೊಲೀಸ್ ಬ್ಯಾಂಡಿನಲ್ಲಿರುವವನು ಒಂದು ದಿನದ ರಜೆ ಹಾಕಿ ಬಂದಿದ್ದ. ಎರಡು ವರ್ಷದ ಮಗಳನ್ನು ಅತ್ತೆಯ ಕೈಗೆ ಕೊಟ್ಟು ಕ್ಲಾರಿನೆಟ್ ಹಿಡಿದವಳನ್ನೂ ನೋಡಿದೆ. ನಿಮಗೆ ಎಷ್ಟು ಹೇಳಿದರೂ ಕಡಿಮೆಯೇ.

ಮೊದಲ ನಮಸ್ಕಾರ ನನ್ನ ಗುರುಗಳಿಗೆ. ನಾನು ಬೆಳೆದದ್ದು ಬೆಳಗಾವಿಯ ಕ್ಯಾಂಪ್ ಹತ್ತಿರ. ಬೆಳಗ್ಗೆ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದ ಕಡೆಯಿಂದ ಬ್ಯಾಂಡಿನ ಸದ್ದು ಬಂದರೆ ಸೈಕಲ್ ನಿಲ್ಲಿಸಿ ಕೇಳುತ್ತಾ ನಿಲ್ಲುತ್ತಿದ್ದೆ. ಅದೇ ಬ್ಯಾಂಡಿನಿಂದ ನಿವೃತ್ತರಾದವರು ಗುರುಗಳು. ಅವರು ಕಲಿತದ್ದು ಮಧ್ಯಪ್ರದೇಶದ ಪಚ್‌ಮಢಿಯ ಸೇನಾ ಸಂಗೀತ ಶಾಲೆಯಲ್ಲಿ. ನಮ್ಮ ಕೊಡಗಿನ ಕಾರ್ಯಪ್ಪನವರು ಸೇನೆಯ ಮುಖ್ಯಸ್ಥರಾಗಿದ್ದಾಗ, 1950ರಲ್ಲಿ ಶುರುವಾದ ಶಾಲೆ ಅದು. ಗುರುಗಳು ನನ್ನಿಂದ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಆರು ತಿಂಗಳು ಬರೀ ಉದ್ದ ಸ್ವರ ಊದಿಸಿದರು. ಎದುರಿಗೆ ಕೂತು ಕೈಗಡಿಯಾರ ನೋಡುತ್ತಾ, "ಇನ್ನೊಂದ್ ಸ್ವಲ್ಪ, ಇನ್ನೊಂದ್ ಸ್ವಲ್ಪ ಹಿಡಿ ತಮ್ಮಾ" ಅನ್ನುತ್ತಿದ್ದರು. ಈ ಮಾತನ್ನು ನಾನೂ ನಿಮಗೆಲ್ಲ ಹೇಳಿದ್ದೇನೆ, ಅಲ್ವಾ?

ಇನ್ನು ಮಾರ್ಚ್ ವಿಷಯ. ಅದನ್ನು ನಾನು ಐದೇ ಸ್ವರದ ಭೂಪ ರಾಗದಲ್ಲಿ ಯಾಕೆ ಕಟ್ಟಿದೆ ಎಂದು ಸುಮಾರು ಜನ ಕೇಳಿದಿರಿ. ಕಾರಣ ಅದನ್ನು ಬರೆದ ವರ್ಷದ ಕ್ಲಾರಿನೆಟ್ ಮಕ್ಕಳು. ಏಳು ಜನ, ಎಲ್ಲರೂ ಹೊಸಬರು. ಕ್ಲಾರಿನೆಟ್‌ನಲ್ಲಿ ಒಂದೊಂದೇ ಬೆರಳು ಎತ್ತುತ್ತಾ ಮೇಲೆ ಹೋಗುವ ಮಗು ನಡುವೆ ಒಂದು ಕಡೆ ಸಿಕ್ಕಿಬೀಳುತ್ತದೆ. ಮುಂದಿನ ಸ್ವರಕ್ಕೆ ಒಮ್ಮೆಲೇ ಎಲ್ಲ ತೂತು ಮುಚ್ಚಿ, ಹೆಬ್ಬೆರಳಿನಿಂದ ಹಿಂದಿನ ಕೀಲಿಯನ್ನೂ ಒತ್ತಬೇಕು. ಅಲ್ಲಿ ಕೀಂಯ್ ಅಂತ ಕಿರುಚುತ್ತದೆ, ಮಗುವಿನ ಮುಖ ಸಪ್ಪಗಾಗುತ್ತದೆ. ಪಾಶ್ಚಾತ್ಯ ಸ್ವರ ಬಿ ಫ್ಲಾಟ್‌ಗೆ ಷಡ್ಜ, ಅಂದರೆ ಸಾ, ಇಟ್ಟುಕೊಂಡರೆ ಭೂಪದ ಸಾ, ರೇ, ಗಾ, ಪಾ, ಧಾ ಐದೂ ಆ ಜಾಗಕ್ಕಿಂತ ಕೆಳಗೇ ಬರುತ್ತವೆ. ಹಾಗಾಗಿ ಕ್ಲಾರಿನೆಟ್‌ಗೆ ಧಾ ದಾಟಿಸಲೇ ಇಲ್ಲ. ಮೇಲಿನ ಸಾ ಟ್ರಂಪೆಟ್‌ಗೆ ಕೊಟ್ಟೆ. ಟ್ರಂಪೆಟ್‌ನಲ್ಲಿ ಆ ಸಾ, ಪಾ ಎರಡಕ್ಕೂ ಬೆರಳಿನಡಿಯ ವಾಲ್ವ್ ಗುಂಡಿ ಒತ್ತುವ ಕೆಲಸವೇ ಇಲ್ಲ, ತುಟಿ ಗಟ್ಟಿ ಇದ್ದರೆ ಸಾಕು. ಆ ಏಳು ಮಕ್ಕಳಿಗೆಂದು ಬರೆದದ್ದನ್ನು ಮುಂದಿನ ಎಲ್ಲ ಬ್ಯಾಚ್‌ಗಳೂ ನುಡಿಸಿದವು. ನಾನು ಬರೆದದ್ದರಲ್ಲಿ ನನಗೆ ಅತಿ ಇಷ್ಟವಾದದ್ದೂ ಅದೇ.

ಆದರೆ ಆ ಮಾರ್ಚಿನ ಸ್ವರ ಬರೆದ ಹಾಳೆಗಳ ಮೇಲಿನ ಅಕ್ಷರ ನನ್ನದಲ್ಲ. ಕೇಳುವಾಗ ಒಂದೇ ಷಡ್ಜ, ಬರೆಯುವಾಗ ವಾದ್ಯಕ್ಕೆ ತಕ್ಕಂತೆ ಮೂರು ಥರ. ಕ್ಲಾರಿನೆಟ್, ಟ್ರಂಪೆಟ್‌ಗೆ ಸಿ ಎಂದು, ಆಲ್ಟೊ ಸ್ಯಾಕ್ಸೊಫೋನ್‌ಗೆ ಜಿ ಎಂದು, ಫ್ಲೂಟ್‌ಗೆ ಬಿ ಫ್ಲಾಟ್ ಎಂದು. ಪ್ರತಿಯೊಬ್ಬರ ಪಾರ್ಟನ್ನೂ ನಕಲು ಮಾಡಿದವಳು ನನ್ನ ಹೆಂಡತಿ. ಅವಳು ಯಾವ ವಾದ್ಯವನ್ನೂ ಕಲಿತವಳಲ್ಲ. ರಾತ್ರಿ ಊಟದ ಪಾತ್ರೆ ತೊಳೆದು, ಕೈ ಒರೆಸಿಕೊಂಡು ಕೂತು, ಸ್ಕೇಲ್ ಹಿಡಿದು ಗೆರೆ ಎಳೆದು ಬರೆಯುತ್ತಿದ್ದಳು. "ಇಲ್ಲಿ ಒಂದ್ ಚುಕ್ಕಿ ಬಿಟ್ಟೀರಿ ನೋಡ್ರಿ" ಎಂದು ನನ್ನ ತಪ್ಪನ್ನೂ ಹಿಡಿಯುತ್ತಿದ್ದಳು. ಭಾನುವಾರ ಅವಳನ್ನು ವೇದಿಕೆಗೆ ಕರೆಯಬೇಕಿತ್ತು. ಕರೆಯಲಿಲ್ಲ. ಅದು ಮನಸ್ಸಿನಲ್ಲೇ ಉಳಿದಿದೆ.

2019ರ ಆಗಸ್ಟ್ ಮಳೆಯನ್ನು ನಮ್ಮ ಊರಿನವರು ಮರೆಯುವುದಿಲ್ಲ. ಬ್ಯಾಂಡ್ ರೂಮಿಗೆ ಮೊಣಕಾಲು ಮಟ್ಟ ನೀರು ನುಗ್ಗಿತ್ತು. ಕ್ಲಾರಿನೆಟ್‌ಗಳ ತೂತು ಮುಚ್ಚುವ ಪ್ಯಾಡ್ ಉಬ್ಬಿ ಹೋಗಿದ್ದವು. ಯುಫೋನಿಯಂ ಎಂಬ ದೊಡ್ಡ ಹಿತ್ತಾಳೆ ವಾದ್ಯ ಎತ್ತಿದರೆ ಒಳಗಿಂದ ಕೆಸರು ಸುರಿಯಿತು, ಅದರ ವಾಲ್ವ್ ಕಚ್ಚಿಕೊಂಡಿದ್ದವು. ಗುಜರಿಗೆ ಹಾಕಿಬಿಡಿ ಎಂದವರೇ ಜಾಸ್ತಿ. ಆಗ ಬಂದವರು ಮದುವೆ ಬ್ಯಾಂಡಿನ ಒಬ್ಬ ಕಾಕಾ. ಮೆರವಣಿಗೆಗಳಲ್ಲಿ ಮುಖ ನೋಡಿದ್ದೆ, ಅಷ್ಟೇ ಪರಿಚಯ. "ಮಾಸ್ತರ್ರ, ಇಕ್ಕಳ ಹಚ್ಚಬ್ಯಾಡ್ರಿ" ಎನ್ನುತ್ತಲೇ ಒಳಗೆ ಬಂದರು. ವಾಲ್ವಿನ ಕೆಳಗಿನ ಮುಚ್ಚಳ ಬಿಚ್ಚಿ, ಎಣ್ಣೆ ಬಿಟ್ಟು, ಒಂದು ರಾತ್ರಿ ಹಾಗೇ ಇಟ್ಟರು. ಮರುದಿನ ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ವಾಲ್ವ್ ಹೊರಗೆ ತೆಗೆದರು. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಒಂದೊಂದೇ ಕೊಳವೆ ತೊಳೆದೆವು. ನೀರು ಬಿಸಿಯಾದರೆ ಮೇಲಿನ ಪಾಲಿಶ್ ಏಳುತ್ತದೆ ಎಂದು ಅವರು ಪ್ರತಿ ಬಕೆಟ್‌ಗೂ ಕೈ ಅದ್ದಿ ನೋಡುತ್ತಿದ್ದರು. ಹೀಗೆ ಮೂರು ಭಾನುವಾರ ದುಡಿದರು. ದುಡ್ಡು ಕೊಡಲು ಹೋದಾಗ ಕೈ ಮುಗಿದುಬಿಟ್ಟರು, ಚಹಾ ಮಾತ್ರ ಕುಡಿದರು. ಮೊನ್ನೆ ನೀವು ಕೇಳಿದ ಯುಫೋನಿಯಂ ಅದೇ. ಕಾಕಾ ಈಗ ಇಲ್ಲ. ಅವರ ಮಗ ಮುಂದಿನ ಸಾಲಿನಲ್ಲಿ ಕೂತು ಕೇಳಿದ.

ಪೆಂಡಾಲ್, ಕುರ್ಚಿ, ಊಟ ನೋಡಿಕೊಂಡ ಹುಡುಗರಿಗೆ, ಊರಿಂದ ಕುಂದಾ ಡಬ್ಬಿ ಹೊತ್ತು ತಂದವರಿಗೆ, ಸಂಜೆ ಪ್ರಾಕ್ಟೀಸ್ ಎಂದು ಮಕ್ಕಳನ್ನು ನಂಬಿ ಕಳಿಸಿದ ತಂದೆ ತಾಯಂದಿರಿಗೆ ನನ್ನ ನಮಸ್ಕಾರ.

ಒಂದು ಕೋರಿಕೆ. ಕಾರ್ಯಕ್ರಮ ಮುಗಿದ ಗಡಿಬಿಡಿಯಲ್ಲಿ ಎರಡನೇ ಟ್ರಂಪೆಟ್‌ನ ಹಾಳೆ ಯಾರದೋ ಚೀಲ ಸೇರಿದೆ. ನೀಲಿ ಇಂಕಿನದು, ಬಲಗಡೆ ಮೂಲೆಯಲ್ಲಿ ಅರಿಶಿನದ ಬೆರಳಚ್ಚು ಇದೆ. ಜೆರಾಕ್ಸ್ ಬೇಕಾದರೆ ಎಷ್ಟಾದರೂ ಮಾಡಿಸಿ ಇಟ್ಟುಕೊಳ್ಳಿ. ಅದನ್ನು ಮಾತ್ರ ಮನೆಗೆ ತಂದುಕೊಡಿ, ನನ್ನ ಹೆಂಡತಿ ಹುಡುಕುತ್ತಿದ್ದಾಳೆ.