ಕೋಟೆ ಪ್ರವಾಸ ಮತ್ತು ಬ್ಯಾಗಿನ ಹೊಸ ನಿಯಮ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಎಂಟನೇ ತರಗತಿ ಮಕ್ಕಳು ಚಿತ್ರದುರ್ಗದ ಕೋಟೆ ನೋಡಿ ಬಂದ ಮೇಲೆ ನಿಮ್ಮಲ್ಲಿ ಕೆಲವರು ಬೇಸರದಿಂದ ಫೋನ್ ಮಾಡಿದ್ದೀರಿ. "ಗೋಡೆ ಮೇಲೆ ಹೆಸರು ಗೀಚಿದ್ದಕ್ಕೆ ಇಷ್ಟೆಲ್ಲಾ ಬೇಕಿತ್ತಾ? ಅಲ್ಲಿ ಆಗಲೇ ಎಷ್ಟೋ ಹೆಸರಿವೆ" ಅಂದಿದ್ದೀರಿ. ನಿಮ್ಮ ಬೇಸರ ಅರ್ಥವಾಗುತ್ತದೆ. ಗೀಚಿದ ಮಕ್ಕಳನ್ನು ಎಲ್ಲರೆದುರು ನಿಲ್ಲಿಸಿ ಬೈದಿಲ್ಲ, ಅವರು ಯಾರೆಂದು ಹೇಳಿಯೂ ಇಲ್ಲ. ಮುಂದೆಯೂ ಹೇಳುವುದಿಲ್ಲ.

ಆದರೆ ಆಗಿದ್ದು ಸಣ್ಣದಲ್ಲ. ಅವರು ಗೀಚಿದ್ದು ಟಂಕಸಾಲೆಯ, ಅಂದರೆ ನಾಣ್ಯ ಅಚ್ಚು ಹಾಕುತ್ತಿದ್ದ ಕಟ್ಟಡದ, ಮಣ್ಣಿನ ಗೋಡೆ ಮೇಲೆ. ಮದಕರಿ ನಾಯಕರ ಕೋಟೆ ಹೈದರಾಲಿಯ ವಶವಾದದ್ದು 1779ರಲ್ಲಿ. ಆಮೇಲೆ ಅಷ್ಟೂ ಮಳೆಗಾಲ ತಡೆದುಕೊಂಡು ನಿಂತ ಮಣ್ಣು ಅದು. ಕೈವಾರದ ಮೊನೆ ತಾಗಿದ ಕಡೆ ಪುಡಿಪುಡಿಯಾಗಿ ಗೋಡೆ ಬುಡದಲ್ಲಿ ಉದುರಿತ್ತು. ಉದುರಿದ್ದನ್ನು ವಾಪಸ್ ಮೆತ್ತಲು ಆಗುವುದಿಲ್ಲ. ಬೇರೆಯವರು ಗೀಚಿದ್ದಾರೆ ಅಂತ ನಮ್ಮ ಮಕ್ಕಳೂ ಗೀಚಬಹುದೇ? ಸಂರಕ್ಷಿತ ಸ್ಮಾರಕ ಹಾಳು ಮಾಡಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹೆದರಿಸಲು ಹೇಳುತ್ತಿಲ್ಲ, ನಿಮಗೆ ಗೊತ್ತಿರಲಿ ಅಂತಷ್ಟೇ.

ಅದೇ ಮಕ್ಕಳು ಆ ದಿನ ಎಷ್ಟು ಆಸೆಯಿಂದ ನೋಡಿದರು ಗೊತ್ತಾ! ಓಬವ್ವನ ಕಿಂಡಿಯಲ್ಲಿ ಒಬ್ಬೊಬ್ಬರೇ ಮೈ ಬಗ್ಗಿಸಿ ತೂರಿದರು. ಬಂಡೆ ಸೀಳಲು ಸಾಲಾಗಿ ಹೊಡೆದ ಕುಳಿಗಳಲ್ಲಿ ಬೆರಳಿಟ್ಟು ನೋಡಿದರು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ ಅಂದಾಗ, "ಅಲ್ಲಿಂದ ಎಲ್ಲಿಗೆ ಹೋಗುತ್ತೆ ಸರ್?" ಅಂತ ಬಿಡದೆ ಕೇಳಿದರು. ಹಾಗಾಗಿ ಪ್ರವಾಸ ನಿಲ್ಲಿಸುವುದಿಲ್ಲ. ಗೀಚಿದ ಮಕ್ಕಳನ್ನೂ ಮುಂದಿನ ಸಲ ಬಿಟ್ಟು ಹೋಗುವುದಿಲ್ಲ.

ಶನಿವಾರ ಒಂಬತ್ತನೇ ತರಗತಿ ಹೋಗುತ್ತದೆ. ಕೈವಾರದಂಥದ್ದು ಮತ್ತೆ ಕೋಟೆ ಮೇಲೆ ಹೋಗಬಾರದು, ಅದಕ್ಕೇ ಬ್ಯಾಗ್ ಬಸ್ಸಿನಲ್ಲೇ ಇರಬೇಕು, ಕೈಯಲ್ಲಿ ನೀರಿನ ಬಾಟಲಿ ಮಾತ್ರ. "ಹಸಿದುಕೊಂಡು ಬೆಟ್ಟ ಹತ್ತಬೇಕಾ?" ಅಂತ ಕೇಳುತ್ತೀರಿ, ಕೇಳುವುದು ಸಹಜ. ಹತ್ತುವ ಮುಂಚೆ ತಿಂಡಿ ಕೊಡುತ್ತೇವೆ, ಇಳಿದ ಕೂಡಲೇ ಊಟ. ಮೇಲೆ ಕೋತಿಗಳ ಕಾಟ ಜಾಸ್ತಿ, ತಿಂಡಿ ಪೊಟ್ಟಣ ಕಂಡರೆ ಕಿತ್ತುಕೊಳ್ಳದೆ ಬಿಡುವುದಿಲ್ಲ. ಮಾತ್ರೆ, ಇನ್‌ಹೇಲರ್ ಬೇಕಾದ ಮಕ್ಕಳದ್ದನ್ನು ಶಿಕ್ಷಕರೇ ಜೊತೆಯಲ್ಲಿ ಇಟ್ಟುಕೊಳ್ಳುತ್ತಾರೆ. ಯಾವ ಮಗುವೂ ಸುಸ್ತಾಗದಂತೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ. ಆದರೆ ಬ್ಯಾಗ್ ಮೇಲಕ್ಕೆ ಬರುವುದಿಲ್ಲ. ಇದರಲ್ಲಿ ಯಾರಿಗೂ ವಿನಾಯಿತಿ ಕೊಡಲಾರೆವು, ದಯವಿಟ್ಟು ಕೇಳಬೇಡಿ.

ಶುಕ್ರವಾರ ರಾತ್ರಿ ಮಕ್ಕಳ ಬ್ಯಾಗಿನಿಂದ ಜಾಮಿಟ್ರಿ ಬಾಕ್ಸ್ ತೆಗೆದು ಮನೆಯಲ್ಲೇ ಇಡಿ.

ಇಂತಿ,
ಮುಖ್ಯ ಶಿಕ್ಷಕರು
ದಾವಣಗೆರೆ