ಪರಿಚಯದವರು ಸಿಕ್ಕಿದ್ರೆ ಸಿಗಲಿ ಮಾರಾಯ

ಗೆಳೆಯಾ,

ಕುಡಿತ ಬಿಡಬೇಕು ಅನ್ನುವವರ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗಿಗೆ ಹೋಗು ಅಂತ ಮೊನ್ನೆ ಫೋನಿನಲ್ಲಿ ಅಂದಾಗ ನೀನು ಬೇರೇನೂ ಕೇಳಲಿಲ್ಲ. "ಅಲ್ಲಿ ಪರಿಚಯದವರು ಯಾರಾದ್ರೂ ಸಿಕ್ಕಿದ್ರೆ?" ಅಂದೆ, ತಕ್ಷಣ ಅಡಿಕೆ ರೇಟಿನ ಸುದ್ದಿಗೆ ಹಾರಿದೆ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರಿಲ್ಲದೆ ಎಲ್ಲರಿಗೂ ಓದಲು ಹಾಕು ಅಂತ ನೀನೂ ಒಪ್ಪಿದ್ದೀಯಲ್ಲ.

ಸಿಗುತ್ತಾರೆ. ಕಾರವಾರ ಎಷ್ಟು ದೊಡ್ಡ ಊರು ಹೇಳು? ಮೀನು ಪೇಟೆಗೆ ಹೋದರೆ ನಾಲ್ಕು ಜನ ಮಾತಾಡಿಸುತ್ತಾರೆ. ನನಗೂ ಇದೇ ಹೆದರಿಕೆ ಇತ್ತು. ಸರಕಾರಿ ಆಸ್ಪತ್ರೆಯ ಮನೋವೈದ್ಯರು ಎ.ಎ. ಮೀಟಿಂಗಿಗೆ ಹೋಗಿ ಅಂದಾಗ ನಾನು ರೈಲು ಹತ್ತಿ ಮಡಗಾಂವಿಗೆ ಹೋದೆ. ನಮ್ಮ ಕಡೆಯವರು ಗಡಿಯ ಮಾಜಾಳಿ ದಾಟಿ ಗೋವಾಕ್ಕೆ ಹೋಗುವುದು ಯಾಕೆ ಅಂತ ನಿನಗೆ ಗೊತ್ತು. ನಾನು ಬಿಡಲು ಹೋದವನು! ಅಲ್ಲಿ ಎಲ್ಲಾ ಕೊಂಕಣಿ. ನನ್ನದು ಪೇಟೆ ಕೊಂಕಣಿ, ಆದರೂ ಅರ್ಥವಾಗದ ಮಾತು ಒಂದೂ ಇರಲಿಲ್ಲ. ಹೆಂಡತಿಗೆ ಹೇಳಿದ ಸುಳ್ಳು, ಬೀರುವಿನ ಹಿಂದೆ ಅಡಗಿಸಿದ ಕ್ವಾರ್ಟರ್, ಬೆಳಿಗ್ಗೆ ನಡುಗುವ ಕೈ. ಯಾವ ಭಾಷೆಯಲ್ಲಿ ಹೇಳಿದರೂ ಅದೇ ಅಲ್ವಾ?

ಅಲ್ಲಿದ್ದ ಒಬ್ಬರು ಇಲ್ಲಿಯ ಗುಂಪಿನವರ ನಂಬರ್ ಕೊಟ್ಟರು. ಶಾಲೆಯೊಂದರ ಕೊಠಡಿ. ಒಳಗೆ ಕಾಲಿಟ್ಟರೆ ಎದುರಿಗೇ ನಮ್ಮ ಓಣಿಯ ನಿವೃತ್ತ ಗುಮಾಸ್ತರು! "ಬಂದ್ಯಾ? ಚಾ ತಗೋ" ಅಂದರು, ಅಷ್ಟೇ. ನನ್ನನ್ನು ಅಲ್ಲಿ ನೋಡಿದೆ ಅಂತ ಅವರು ಹೊರಗೆ ಹೇಳಬೇಕಾದರೆ ತಾನು ಅಲ್ಲಿಗೆ ಯಾಕೆ ಹೋಗಿದ್ದೆ ಅಂತಲೂ ಹೇಳಬೇಕಲ್ಲ. ಈಗ ದಾರಿಯಲ್ಲಿ ಸಿಕ್ಕರೂ ನಾವು ಮಳೆ, ಕರೆಂಟಿನ ಬಗ್ಗೆಯೇ ಮಾತಾಡುತ್ತೇವೆ. ನಿಜ ಹೇಳಬೇಕಂದ್ರೆ, ನೀನು ವೈನ್ ಶಾಪಿನ ಮುಂದೆ ನಿಂತಾಗ ನೋಡಿದವರೇ ಜಾಸ್ತಿ. ಅದಕ್ಕೆ ಹೆದರಿದ್ದು ನಾನು ಕಂಡಿಲ್ಲ.

ಮೀಟಿಂಗಿನಲ್ಲಿ ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ. ಒಬ್ಬ ಮಾತಾಡುವಾಗ ಉಳಿದವರು ಬಾಯಿ ಹಾಕುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಇಂಥ ಸಭೆ ಬೇರೆಲ್ಲಿ ನೋಡಿದ್ದೀಯ? ನೀನು ಏನೂ ಹೇಳದೆ ಸುಮ್ನೆ ಕೂತು ಎದ್ದು ಬಂದರೂ ನಡೆಯುತ್ತದೆ. ಫೀಸಿಲ್ಲ. ಕೊನೆಗೊಂದು ಡಬ್ಬಿ ತಿರುಗುತ್ತದೆ, ಹಾಕಬೇಕೆಂದರೆ ಹಾಕು. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು, ಸದಸ್ಯನಾಗಲು ಬೇರೆ ಷರತ್ತಿಲ್ಲ. ಪ್ರಾರ್ಥನೆ ಇದೆ, ನೀನು ತಕರಾರು ತೆಗೆಯುವುದು ಗೊತ್ತು. ಅವರ ಹನ್ನೆರಡು ಹೆಜ್ಜೆಗಳಲ್ಲಿ ದೇವರು ಅಂದರೆ "ನಾವು ಅರಿತುಕೊಂಡಂಥ ದೇವರು". ನಾನು ಆ ಹೊತ್ತಿಗೆ ಎದ್ದು ನಿಲ್ಲುತ್ತೇನೆ, ಇನ್ನೂ ಅಷ್ಟೇ.

ಈ ಎ.ಎ. ಶುರುವಾದ ಕಥೆ ನನಗೆ ಬಹಳ ಇಷ್ಟ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿಗೆ ಬಿಲ್ ಎಂಬ ಷೇರು ವ್ಯವಹಾರದವನು ಬಂದಿದ್ದ. ಬಂದ ಕೆಲಸ ಕೆಟ್ಟಿತ್ತು, ಹೋಟೆಲಿನಲ್ಲೇ ಬಾರ್ ಇತ್ತು. ಅವನು ಬಾರಿಗೆ ಹೋಗದೆ ಫೋನ್ ಹಿಡಿದ. ಚರ್ಚಿನವರಿಗೆ ಫೋನ್ ಮಾಡಿ, ಮಾತಾಡಲು ಇನ್ನೊಬ್ಬ ಕುಡುಕ ಬೇಕು ಅಂದ. ಸಿಕ್ಕಿದ್ದು ಡಾಕ್ಟರ್ ಬಾಬ್, ಸರ್ಜನ್. ಹದಿನೈದೇ ನಿಮಿಷ ಅಂತ ಬಂದ ಡಾಕ್ಟರು ಗಂಟೆಗಟ್ಟಲೆ ಕೂತರು. ಎ.ಎ.ಯಲ್ಲಿ ಸ್ಪಾನ್ಸರ್ ಅಂತಾರಲ್ಲ, ಅಂದರೆ ಇದೇ. ಕೈ ಗ್ಲಾಸಿಗೆ ಹೋಗುವ ಮೊದಲು ಫೋನ್ ಮಾಡಲು ಒಬ್ಬ ಹಳಬ. ನನ್ನವರು ರಾತ್ರಿ ಹನ್ನೊಂದಕ್ಕೂ ಎತ್ತುತ್ತಾರೆ, ಬೈಯುತ್ತಲೇ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ದಿನಾ ಕುಡಿಯುವವನು ನಾಳೆಯಿಂದ ಬಂದ್ ಅಂತ ಒಮ್ಮೆಗೇ ನಿಲ್ಲಿಸಬಾರದು. ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು. ಇಲ್ಲದ್ದು ಕಾಣಬಹುದು, ಕೇಳಬಹುದು. ಜೀವಕ್ಕೇ ಅಪಾಯ. ನಿನಗೆ ಬೆಳಿಗ್ಗೆ ಕೈ ನಡುಗುತ್ತದೆ ಅಂದ ಮೇಲೆ ಮೊದಲು ಡಾಕ್ಟರು, ಆಮೇಲೆ ಮೀಟಿಂಗು. ನಡುಕ ತಡೆಯುವ ಔಷಧಿ, ಬಿ1 ವಿಟಮಿನ್ ಕೊಡುತ್ತಾರೆ. ಶಿರಸಿಯಲ್ಲಿ ತೋರಿಸಲು ನಾಚಿಕೆಯಾದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಅದೂ ದೂರ ಅನ್ನಿಸಿದರೆ 14416ಕ್ಕೆ ಫೋನ್ ಮಾಡು, ಅದು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ನಿಮ್ಮ ಅಣ್ಣ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಸೇರಿಸಬೇಕು ಅಂತಿದ್ದಾನಂತೆ. ಅದರಿಂದ ಬಿಟ್ಟವರನ್ನು ನಾನೂ ನೋಡಿದ್ದೇನೆ. ಊರಿನವರ ಎದುರು ಮಾತು ಕೊಟ್ಟರೆ ಕೆಲವರಿಗೆ ಬಲ ಬರುತ್ತದೆ. ನಿನ್ನ ಸ್ವಭಾವಕ್ಕೆ ವೇದಿಕೆ, ಭಾಷಣ ಕಷ್ಟ ಅಂತ ನನಗನ್ನಿಸುತ್ತದೆ, ನೋಡು. ಆದರೆ ಅವರೂ ಶಿಬಿರ ಮುಗಿದ ಮೇಲೆ ಕೈ ಬಿಡುವುದಿಲ್ಲ, ನವಜೀವನ ಸಮಿತಿ ಮಾಡಿ ಮತ್ತೆ ಮತ್ತೆ ಸೇರಿಸುತ್ತಾರೆ. ಎಲ್ಲಿ ಹೋದರೂ ಆ ಮತ್ತೆ ಮತ್ತೆ ಹೋಗುವುದು ತಪ್ಪುವುದಿಲ್ಲ.

ಅತ್ತಿಗೆಗೂ ಹೇಳು, ಮನೆಯವರಿಗೆಂದೇ ಅಲ್-ಅನಾನ್ ಅಂತ ಬೇರೆ ಗುಂಪಿದೆ. ನಮ್ಮಲ್ಲಿ ಅದಿಲ್ಲ, ಆದರೆ ಓಪನ್ ಮೀಟಿಂಗಿಗೆ ಮನೆಯವರೂ ಬರಬಹುದು. ಮುಂದಿನ ಭಾನುವಾರ ಅಂಥದ್ದೇ ಇದೆ. ಡಾಕ್ಟರಿಗೆ ತೋರಿಸಿಕೊಂಡು ಇಬ್ಬರೂ ಬನ್ನಿ. ದೇವಿಮನೆ ಘಟ್ಟ ಬಂದ್ ಇದ್ದರೆ ಯಲ್ಲಾಪುರದ ಮೇಲೆ ಬನ್ನಿ. ಊಟ ನಮ್ಮಲ್ಲೇ. ಬಂಗಡೆ ಸಿಕ್ಕರೆ ತರುತ್ತೇನೆ, ಅತ್ತಿಗೆ ತಿನ್ನುವುದಿಲ್ಲ ಅಂತ ನೆನಪಿದೆ, ಅವರಿಗೆ ಬೇರೆ ಮಾಡಿಸುತ್ತೇನೆ.

ಇಂತಿ,
ನಿನ್ನ ಕಾರವಾರದ ಗೆಳೆಯ