ರೆಕಾರ್ಡಿನಲ್ಲಿ ಕಾಣದ ಎಡಗೈ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸಂಗೀತ ಕೇಳುವ ಬಗ್ಗೆ ಬಂದ ಲೇಖನ ಓದಿದೆ. ಮನೆಯಲ್ಲೇ ಹೆಡ್‌ಫೋನ್ ಹಾಕಿಕೊಂಡರೆ ಇಷ್ಟು ಚೊಕ್ಕವಾಗಿ ಕೇಳಿಸುವಾಗ, ಹೊರಗೆ ಹೋಗಿ ಪಕ್ಕದವರ ಕೆಮ್ಮಿನ ಜೊತೆ ಸಂಗೀತ ಯಾಕೆ ಕೇಳಬೇಕು ಅಂತ ಲೇಖಕರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ನಾನೂ ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ. ಗಿಟಾರ್ ಹಿಡಿದು ಜಾಝ್ ಕಲಿಯಲು ಕೂತ ಮೇಲೆ ಆ ನಂಬಿಕೆ ಅಲುಗಾಡಿತು. ಯಾಕೆ ಅಂತ ಹೇಳೋಣ ಅಂತ ಈ ಪತ್ರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ರೆಕಾರ್ಡಿಂಗ್ ಮೇಲೆ ಯಾವ ಸಿಟ್ಟೂ ಇಲ್ಲ. ನನ್ನ ಮೊದಲ ಮೇಷ್ಟ್ರೇ ಅದು. ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ನುಡಿಸಿದ ಒಂದು ಸೋಲೊದ (ಒಬ್ಬರೇ ಮುಂದೆ ಬಂದು ನುಡಿಸುವ ಭಾಗದ) ನಾಲ್ಕೇ ನಾಲ್ಕು ಬಾರ್, ಅಂದರೆ ತಾಳದ ಆವರ್ತ, ತೆಗೆದುಕೊಂಡು, ಮೊಬೈಲಿನಲ್ಲಿ ವೇಗ ಅರ್ಧಕ್ಕೆ ಇಳಿಸಿ, ಒಂಬತ್ತು ದಿನ ಅದನ್ನೇ ನುಡಿಸಿದ್ದೇನೆ. ಮನೆಯವರಿಗೆ ಅದು ಬಾಯಿಪಾಠ ಆಗಿಹೋಗಿತ್ತು, ನನ್ನ ಬೆರಳಿಗೆ ಮಾತ್ರ ಬಂದಿರಲಿಲ್ಲ. ಈಗೇನೋ ಶ್ರುತಿ ಕೆಡದ ಹಾಗೆ ವೇಗ ಇಳಿಸಬಹುದು. ಹಿಂದಿನವರು ನಿಮಿಷಕ್ಕೆ 33 ಸುತ್ತು ತಿರುಗುವ ಎಲ್‌ಪಿಯನ್ನು 16ರ ವೇಗದಲ್ಲಿ ಓಡಿಸಿ, ಒಂದು ಆಕ್ಟೇವ್ (ಸ್ಥಾಯಿ) ಕೆಳಗೆ ಗುರುಗುಡುವ ಸ್ವರಗಳನ್ನು ಕೇಳಿ ಕಲಿಯುತ್ತಿದ್ದರು. ಅವರ ಮುಂದೆ ನಾನು ಸೋಮಾರಿಯೇ ಸರಿ.

ತೊಂದರೆ ಶುರುವಾಗಿದ್ದು ಆಮೇಲೆ. ಸ್ವರ ಎಲ್ಲ ಸರಿ ಇದೆ, ಆದರೂ ನಾನು ನುಡಿಸಿದರೆ ಎಡವಿ ಎಡವಿ ನಡೆದ ಹಾಗೆ ಕೇಳುತ್ತಿತ್ತು. ಪಿಯಾನೋದಲ್ಲಿ ಒಂದು ಸ್ವರಕ್ಕೆ ಒಂದೇ ಮನೆ. ಗಿಟಾರಿನಲ್ಲಿ ಹಾಗಲ್ಲ. ಒಂದನೇ ತಂತಿಯನ್ನು ಬಿಟ್ಟು ಮೀಟಿದರೆ ಬರುವ 'ಇ' ಸ್ವರವೇ ಎರಡನೇ ತಂತಿಯ 5ನೇ ಮನೆಯಲ್ಲಿ, ಅಂದರೆ ಕತ್ತಿನ ಮೇಲಿನ ಅಡ್ಡಪಟ್ಟಿಗಳ ಲೆಕ್ಕದಲ್ಲಿ 5ನೇ ಫ್ರೆಟ್‌ನಲ್ಲೂ ಸಿಗುತ್ತದೆ, ಮೂರನೆಯದರ 9ರಲ್ಲೂ, ನಾಲ್ಕನೆಯದರ 14ರಲ್ಲೂ. ಸ್ವರ ಒಂದೇ, ಬಣ್ಣ ಬೇರೆ, ಕೈ ಓಡುವ ದಾರಿಯೂ ಬೇರೆ. ರೆಕಾರ್ಡಿಂಗ್ ನಿಮಗೆ ಸ್ವರ ಕೊಡುತ್ತದೆ, ಅದು ಎಲ್ಲಿಂದ ಬಂತು ಅಂತ ಹೇಳುವುದಿಲ್ಲ.

ಒಂದು ಸಂಜೆ ಸ್ನೇಹಿತನ ಬಲವಂತಕ್ಕೆ ಜಾಝ್ ಕೇಳಲು ಹೋದೆ. ಚಿಕ್ಕ ಜಾಗ, ಮೂರೇ ಜನ: ಗಿಟಾರ್, ಬಾಸ್, ಡ್ರಮ್ಸ್. ನಾನು ಕೂತಿದ್ದು ಗಿಟಾರಿನವರಿಂದ ನಾಲ್ಕು ಹೆಜ್ಜೆ ದೂರ. ಆ ಮನುಷ್ಯನ ಎಡಗೈ ಜಾಸ್ತಿ ಓಡಾಡಲೇ ಇಲ್ಲ! ನಾನು ಗಿಟಾರಿನ ಕತ್ತಿನ ಉದ್ದಕ್ಕೂ ಜಾರಿ ಜಾರಿ ಹಿಡಿಯುತ್ತಿದ್ದ ಸ್ವರಗಳೆಲ್ಲ ಅವರ ಕೈಕೆಳಗೇ, ಐದು ಫ್ರೆಟ್ ಒಳಗೇ ಇದ್ದವು. ಇನ್ನೊಂದು ಕಂಡಿತು. ಗಿಟಾರ್ ವಾದಕ ವೆಸ್ ಮಾಂಟ್‌ಗೊಮರಿ ಹೆಬ್ಬೆರಳಿನಿಂದ ನುಡಿಸುತ್ತಿದ್ದ ಆಕ್ಟೇವ್‌ಗಳನ್ನು, ಅಂದರೆ ಒಂದೇ ಸ್ವರವನ್ನು ಮೇಲೂ ಕೆಳಗೂ ಒಟ್ಟಿಗೆ, ನಾನು ತಿಂಗಳುಗಟ್ಟಲೆ ಪ್ರಯತ್ನ ಮಾಡಿದ್ದೆ. ನಡುವಿನ ತಂತಿ ಸುಮ್ನೆ ಇರುತ್ತಿರಲಿಲ್ಲ, ಪ್ರತಿ ಸಲ ಕರ್ಕಶವಾಗಿ ಬಾಯಿ ಹಾಕುತ್ತಿತ್ತು. ಇವರನ್ನು ನೋಡಿದರೆ, ತೋರುಬೆರಳು ತನ್ನ ತಂತಿಯನ್ನು ಒತ್ತಿಕೊಂಡೇ ಪಕ್ಕದ ತಂತಿಗೂ ಒಂಚೂರು ಒರಗಿಕೊಂಡಿದೆ. ಒತ್ತಿಲ್ಲ, ಮುಟ್ಟಿದೆ ಅಷ್ಟೇ. ನಡುವಿನ ತಂತಿಯ ಬಾಯಿ ಬಂದ್. ಅಷ್ಟು ಸಣ್ಣ ವಿಷಯ! ನಾನು ಅದೇ ರೆಕಾರ್ಡನ್ನು ಇನ್ನೂ ನೂರು ಸಲ ಕೇಳಿದ್ದರೂ ಅದು ಗೊತ್ತಾಗುತ್ತಿರಲಿಲ್ಲ.

ಬಾಸ್‌ನವರ ಸೋಲೊ ಬಂದಾಗ ನಡೆದದ್ದು ಇದಕ್ಕಿಂತ ದೊಡ್ಡ ಪಾಠ. ಗಿಟಾರಿನವರು ವಾಲ್ಯೂಮ್ ನಾಬ್ ತಿರುಗಿಸಿ ಸದ್ದು ಇಳಿಸಿದರು. ಆರು ತಂತಿಯ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬಿಟ್ಟು ಎರಡೇ ತಂತಿಗೆ ಬಂದರು. ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ಜಾಝ್‌ನಲ್ಲಿ ಹೆಜ್ಜೆಹೆಜ್ಜೆಗೂ ಸಿಗುವ ಟೂ-ಫೈವ್-ಒನ್ ಎಂಬ ಮೂರು ಕಾರ್ಡಿನ ಸಾಲು ಇದೆಯಲ್ಲ, ಡಿ ಮೈನರ್ 7, ಜಿ 7, ಸಿ ಮೇಜರ್ 7, ಅದಕ್ಕೆ ನಿಜವಾಗಿ ಎರಡು ಬೆರಳು ಸಾಕು. ನಾಲ್ಕನೇ ತಂತಿಯ 3ನೇ ಫ್ರೆಟ್, ಮೂರನೇ ತಂತಿಯ 5ನೇ ಫ್ರೆಟ್ ಹಿಡಿಯಿರಿ. ಮುಂದಿನ ಕಾರ್ಡಿಗೆ ಮೂರನೇ ತಂತಿಯಲ್ಲಿ ಒಂದು ಫ್ರೆಟ್ ಇಳಿಯಿರಿ. ಅದರ ಮುಂದಿನದಕ್ಕೆ ನಾಲ್ಕನೇ ತಂತಿಯಲ್ಲಿ ಒಂದು ಫ್ರೆಟ್ ಇಳಿಯಿರಿ. ಮುಗಿಯಿತು. ಉಳಿದದ್ದನ್ನು ಬಾಸ್ ನೋಡಿಕೊಳ್ಳುತ್ತದೆ. ನನಗೆ ಒಬ್ಬರು ಮೇಷ್ಟ್ರು ಎರಡು ವರ್ಷ ಬರೀ ಸ್ಕೇಲ್ (ಸ್ವರಶ್ರೇಣಿ) ಪಟ್ಟಿ ಕೊಟ್ಟು ಉರು ಹೊಡೆಸಿದ್ದರು. ಇನ್ನೊಬ್ಬರು ನುಡಿಸುವಾಗ ಕೈ ಎಷ್ಟು ಕಟ್ಟಿಕೊಂಡಿರಬೇಕು ಅಂತ ಆ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ.

ಇನ್ನು "ರೆಕಾರ್ಡಿಂಗ್ ತಪ್ಪು ಮಾಡುವುದಿಲ್ಲ" ಅಂತ ಲೇಖನದಲ್ಲಿ ಒಂದು ವಾಕ್ಯ ಇದೆ. ಅಲ್ಲಿ ನನಗೆ ನಗು ಬಂತು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ರ 'ಕೈಂಡ್ ಆಫ್ ಬ್ಲೂ' 1959ರದ್ದು, ಜಾಝ್‌ನಲ್ಲಿ ಅಷ್ಟು ಮಾರಾಟವಾದ ಆಲ್ಬಮ್‌ಗಳು ಕಡಿಮೆ. ಮೊದಲ ದಿನ ಅದನ್ನು ಧ್ವನಿಮುದ್ರಿಸಿದ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡಿತ್ತು. ಹಾಗಾಗಿ ಸರಿಯಾದ ವೇಗದ ಯಂತ್ರದಲ್ಲಿ ಹಾಕಿದಾಗ ಎಲ್‌ಪಿಯ ಮೊದಲ ಮುಖದ ಮೂರೂ ಹಾಡು ಇರಬೇಕಾದ್ದಕ್ಕಿಂತ ಚೂರು ಮೇಲಿನ ಶ್ರುತಿಯಲ್ಲಿ ಕೇಳುತ್ತಿದ್ದವು. 1992ರ ಮರುಮುದ್ರಣದಲ್ಲಿ ಸರಿ ಮಾಡಿದರು. ನನ್ನ ಹತ್ತಿರ ಇದ್ದದ್ದು ಅದಕ್ಕೂ ಹಳೆಯ ಕ್ಯಾಸೆಟ್. ಟ್ಯೂನರ್ ಇಟ್ಟು ಶ್ರುತಿ ಮಾಡಿ ಅದರ ಜೊತೆ ಕೂತರೆ ಕೂಡುತ್ತಲೇ ಇರಲಿಲ್ಲ, ಒಂದು ಫ್ರೆಟ್ಟಿಗಿಂತ ಕಡಿಮೆ ವ್ಯತ್ಯಾಸ, ಆದರೆ ಕಿವಿಗೆ ಚುಚ್ಚುವಷ್ಟು. ತಿಂಗಳುಗಟ್ಟಲೆ ನನ್ನ ಕಿವಿಯನ್ನೇ ಬೈದುಕೊಂಡೆ.

ಹಾಗಂತ ಎದುರು ಕೂತು ಕೇಳಿದ್ದೇ ಸಂಗೀತ, ಬೇರೆಲ್ಲ ಸುಳ್ಳು ಅಂತ ಹೇಳುವ ಜನರ ಗುಂಪಿಗೂ ನಾನು ಸೇರುವುದಿಲ್ಲ. ಚಾರ್ಲಿ ಕ್ರಿಶ್ಚಿಯನ್ ವಿಷಯಕ್ಕೇ ಬರೋಣ. ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ತಂಡ ಸೇರಿದ್ದು 1939ರಲ್ಲಿ, ತೀರಿಕೊಂಡಿದ್ದು 1942ರಲ್ಲಿ, 25ನೇ ವಯಸ್ಸಿಗೆ. ಆಗಿನ ಗ್ರಾಮಫೋನ್ ತಟ್ಟೆಯ ಒಂದು ಮುಖಕ್ಕೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ, ಅದರಲ್ಲಿ ಗಿಟಾರಿಗೆ ಸಿಗುತ್ತಿದ್ದದ್ದು ಎಷ್ಟು ಮಹಾ? 1941ರಲ್ಲಿ ಜೆರ್ರಿ ನ್ಯೂಮನ್ ಎಂಬ ವಿದ್ಯಾರ್ಥಿ ತನ್ನ ಧ್ವನಿಮುದ್ರಣ ಯಂತ್ರ ಹೊತ್ತುಕೊಂಡು ನ್ಯೂಯಾರ್ಕಿನ ಮಿಂಟನ್ಸ್ ಕ್ಲಬ್ಬಿಗೆ ಹೋದ. ಅಲ್ಲಿ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಕ್ರಿಶ್ಚಿಯನ್ ಒಂದು ಸುತ್ತು ಮುಗಿಸಿ ಇನ್ನೊಂದಕ್ಕೆ, ಅದನ್ನು ಮುಗಿಸಿ ಮತ್ತೊಂದಕ್ಕೆ ಹೋಗುತ್ತಲೇ ಇರುತ್ತಾನೆ. ಸದ್ದು ಒರಟು, ಸುತ್ತ ಜನರ ಗಲಾಟೆ. ಆದರೂ ಸಮಯದ ಕಟ್ಟಿಲ್ಲದೆ ನುಡಿಸಲು ಬಿಟ್ಟರೆ ಆತ ಏನು ಮಾಡುತ್ತಿದ್ದ ಅಂತ ಇವತ್ತು ನಮಗೆ ಗೊತ್ತಿರುವುದು ಬಹುಪಾಲು ಅದರಿಂದಲೇ. ಸಭೆಯಲ್ಲಿ ಆದದ್ದು, ರೆಕಾರ್ಡಿನಲ್ಲಿ ಉಳಿದದ್ದು. ಎರಡನ್ನೂ ಬೇರೆ ಮಾಡಿ ಯಾವುದು ಮೇಲು ಅಂತ ಹೇಗೆ ಹೇಳುವುದು ಅಲ್ವಾ?

ಕೆಮ್ಮಿನ ವಿಷಯ ನಾನು ಒಪ್ಪುತ್ತೇನೆ. ಅದಕ್ಕಿಂತ ಕೆಟ್ಟದ್ದು ಮುಂದಿನ ಸಾಲಿನಲ್ಲಿ ಎತ್ತಿ ಹಿಡಿದ ಮೊಬೈಲು, ಆ ವಿಡಿಯೋವನ್ನು ಅವರು ಮತ್ತೆ ನೋಡುತ್ತಾರೆ ಅಂತ ನನಗಂತೂ ನಂಬಿಕೆ ಇಲ್ಲ.

ಲೇಖಕರಲ್ಲಿ ಒಂದು ವಿನಂತಿ. ಮುಂದಿನ ಸಲ ಯಾರಾದರೂ ಜಾಝ್ ಗಿಟಾರ್ ನುಡಿಸುವುದು ಗೊತ್ತಾದರೆ ಸುಮ್ನೆ ಒಮ್ಮೆ ಹೋಗಿ. ವೇದಿಕೆಗೆ ಎದುರಾಗಿ, ನಿಮ್ಮ ಬಲಗಡೆಗೆ ಜಾಗ ಹಿಡಿಯಿರಿ. ನುಡಿಸುವವರು ಎಡಗೈಯವರಲ್ಲದಿದ್ದರೆ ಗಿಟಾರಿನ ಕತ್ತು ಆ ಕಡೆಗೇ ಚಾಚಿರುತ್ತದೆ. ಆಗ ಸೋಲೊ ನುಡಿಸುವವರನ್ನು ಬಿಟ್ಟು, ಸುಮ್ಮನಿರುವವರ ಕೈ ನೋಡಿ.

ಇಂತಿ,
ಆ ನಾಲ್ಕು ಬಾರ್‌ಗಳನ್ನು ಇನ್ನೂ ಪೂರ್ತಿ ವೇಗದಲ್ಲಿ ನುಡಿಸಲಾಗದ ಒಬ್ಬ ಓದುಗ